'ಅಸಾಧ್ಯವಾದದ್ದು ನಡೆದಿದೆ' ಎನ್ನುತ್ತದೆ ಈ ಕಂಪೈಲರ್: ಹ್ಯಾಸ್ಕೆಲ್‌ನ ಜಿಎಚ್‌ಸಿ ಒಳಗೆ ನಡೆಯುವುದೇನು? ತಪ್ಪು ಹುಡುಕುವುದು ಹೇಗೆ?

ಬೆಂಗಳೂರಿನಲ್ಲಿ 'ನಮ್ಮ ಯಾತ್ರಿ' ಆ್ಯಪ್ ಮೂಲಕ ಆಟೋ ಕರೆಸಿಕೊಳ್ಳುವವರಿಗೆ ಪರದೆಯ ಹಿಂದೆ ನಡೆಯುವ ಲೆಕ್ಕ ಕಾಣುವುದಿಲ್ಲ. ಆ ಲೆಕ್ಕ ನೋಡಿಕೊಳ್ಳುವ ಸರ್ವರ್ ಭಾಗದ ಕೋಡ್ ಬರೆದಿರುವುದು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ. ಈ ಕೋಡ್ ಓಪನ್ ಸೋರ್ಸ್ ಆಗಿರುವುದರಿಂದ ಯಾರು ಬೇಕಾದರೂ ತೆರೆದು ಓದಬಹುದು. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರಾಧ್ಯಾಪಕರು ಎನ್‌ಪಿಟಿಇಎಲ್‌ನಲ್ಲಿ ಇದೇ ಭಾಷೆಯ ಕೋರ್ಸ್ ಕಲಿಸಿದ್ದಾರೆ. ಆದರೆ ಕಲಿಯಲು ಕುಳಿತ ಬಹುತೇಕರು ಮೊದಲ ವಾರದಲ್ಲೇ ತಲೆ ಕೆರೆದುಕೊಳ್ಳುವುದು ಕಂಪೈಲರ್ ಕೊಡುವ ಉದ್ದುದ್ದ ಎರರ್ ಸಂದೇಶಗಳ ಮುಂದೆ. ಆ ಸಂದೇಶಗಳು ಎಲ್ಲಿಂದ ಬರುತ್ತವೆ, ಏನು ಹೇಳುತ್ತವೆ, ಪರಿಹಾರವೇನು? ಇಲ್ಲಿದೆ ಸಂಪೂರ್ಣ ಮಾಹಿತಿ.

ಏನಿದು ಜಿಎಚ್‌ಸಿ?

ಮನುಷ್ಯರು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಆದೇಶಗಳಾಗಿ ಬದಲಿಸುವ ಸಾಫ್ಟ್‌ವೇರ್ ಕಂಪೈಲರ್. ಹ್ಯಾಸ್ಕೆಲ್ ಭಾಷೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು 'ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರ್', ಚಿಕ್ಕದಾಗಿ ಜಿಎಚ್‌ಸಿ.

1980ರ ದಶಕದಲ್ಲಿ ಫಂಕ್ಷನಲ್ ಭಾಷೆಗಳು ಹಲವಿದ್ದವು. ಒಬ್ಬೊಬ್ಬ ಸಂಶೋಧಕರದ್ದು ಒಂದೊಂದು ಭಾಷೆ. ಎಲ್ಲರಿಗೂ ಸಾಮಾನ್ಯವಾದ ಒಂದು ಭಾಷೆ ಬೇಕೆಂದು 1987ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಸಮ್ಮೇಳನದಲ್ಲಿ ತೀರ್ಮಾನವಾಯಿತು. 1990ರ ಏಪ್ರಿಲ್ 1ರಂದು ಮೊದಲ ಹ್ಯಾಸ್ಕೆಲ್ ವರದಿ ಹೊರಬಂತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನೇ ಭಾಷೆಗೆ ಇಡಲಾಯಿತು. ಸ್ಕಾಟ್ಲೆಂಡ್‌ನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಶುರುವಾದ ಜಿಎಚ್‌ಸಿಯನ್ನು ದಶಕಗಳ ಕಾಲ ಮುನ್ನಡೆಸಿದವರು ಸೈಮನ್ ಪೇಟನ್ ಜೋನ್ಸ್ ಮತ್ತು ಸೈಮನ್ ಮಾರ್ಲೋ. ಈ ಕಂಪೈಲರ್‌ನ ಬಹುಪಾಲು ಬರೆದಿರುವುದೂ ಹ್ಯಾಸ್ಕೆಲ್‌ನಲ್ಲೇ. ಅಂದರೆ ಜಿಎಚ್‌ಸಿಯ ಹೊಸ ಆವೃತ್ತಿ ಸಿದ್ಧವಾಗಲು ಹಳೆಯ ಜಿಎಚ್‌ಸಿಯೇ ಬೇಕು.

ಒಂದು ಸಾಲಿನ ಕೋಡ್, ಏಳು ಹಂತದ ಪ್ರಯಾಣ

ಉದಾಹರಣೆಗೆ ಆಟೋ ಬಾಡಿಗೆಯ ಒಂದು ಫಂಕ್ಷನ್ ಇದೆ ಎಂದುಕೊಳ್ಳಿ. ದೂರವನ್ನು 15ರಿಂದ ಗುಣಿಸಿ, ಅದಕ್ಕೆ 30 ಕೂಡಿಸಿ ಉತ್ತರ ಕೊಡುವುದಷ್ಟೇ ಅದರ ಕೆಲಸ. ಈ ಒಂದು ಸಾಲು ಯಂತ್ರದ ಆದೇಶವಾಗುವ ಮೊದಲು ಹಾದುಹೋಗುವ ಹಂತಗಳು ಹೀಗಿವೆ.

1. ಪಾರ್ಸರ್: ಸಾಲಿನ ವ್ಯಾಕರಣ ಸರಿಯಿದೆಯೇ ಎಂದು ನೋಡುತ್ತದೆ.

2. ರೀನೇಮರ್: ಬಳಸಿದ ಪ್ರತಿ ಹೆಸರೂ ಎಲ್ಲಿ ಹುಟ್ಟಿದ್ದು ಎಂದು ಪತ್ತೆ ಮಾಡುತ್ತದೆ.

3. ಟೈಪ್ ಚೆಕರ್: ಸಂಖ್ಯೆ ಬರಬೇಕಾದಲ್ಲಿ ಸಂಖ್ಯೆ, ಅಕ್ಷರ ಬರಬೇಕಾದಲ್ಲಿ ಅಕ್ಷರ ಬಂದಿದೆಯೇ ಎಂದು ಪರೀಕ್ಷಿಸುತ್ತದೆ.

4. ಡೀಶುಗರಿಂಗ್: ಬರೆಯುವವರ ಅನುಕೂಲಕ್ಕೆ ಇರುವ ಅಲಂಕಾರಗಳನ್ನೆಲ್ಲ ಕಳಚಿ, 'ಕೋರ್' ಎಂಬ ಚಿಕ್ಕ ಭಾಷೆಗೆ ಇಳಿಸುತ್ತದೆ.

5. ಸಿಂಪ್ಲಿಫೈಯರ್: ಕೋರ್ ರೂಪದ ಕೋಡನ್ನು ಮತ್ತೆ ಮತ್ತೆ ತಿದ್ದಿ ವೇಗದ್ದಾಗಿ ಮಾಡುತ್ತದೆ.

6. ಎಸ್‌ಟಿಜಿ: ಯಾವ ಲೆಕ್ಕವನ್ನು ಈಗಲೇ ಮಾಡಬೇಕು, ಯಾವುದಕ್ಕೆ ಮೆಮೊರಿಯಲ್ಲಿ ಜಾಗ ಕಾಯ್ದಿಡಬೇಕು ಎಂಬುದು ಸ್ಪಷ್ಟವಾಗುವ ರೂಪ.

7. ಸಿ ಮೈನಸ್ ಮೈನಸ್: ಸಿ ಭಾಷೆಯನ್ನು ಹೋಲುವ ಕೆಳಮಟ್ಟದ ರೂಪ. ಇಲ್ಲಿಂದ ಮುಂದೆ ಪ್ರೊಸೆಸರ್‌ಗೆ ಬೇಕಾದ ಆದೇಶಗಳು ಹೊರಬೀಳುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಟೈಪ್ ಪರೀಕ್ಷೆ ನಡೆಯುವುದು ಅಲಂಕಾರ ಕಳಚುವ ಮೊದಲು. ಡೆವಲಪರ್ ಬರೆದ ಸಾಲು ಹೇಗಿದೆಯೋ ಹಾಗೆಯೇ ಕೈಯಲ್ಲಿರುವಾಗ ಪರೀಕ್ಷೆ ಮುಗಿಯುವುದರಿಂದ, ಎರರ್ ಸಂದೇಶದಲ್ಲಿ ಅವರದೇ ಕೋಡ್ ಕಾಣಿಸುತ್ತದೆ. ಕಂಪೈಲರ್ ಬರೆದವರಿಗೆ ಇದು ಹೆಚ್ಚಿನ ಕೆಲಸ. ಹ್ಯಾಸ್ಕೆಲ್‌ನ ಹತ್ತಾರು ಬಗೆಯ ವಾಕ್ಯರಚನೆಗಳನ್ನೂ ಟೈಪ್ ಚೆಕರ್ ಅರಿತಿರಬೇಕಾಗುತ್ತದೆ. ಬಳಸುವವರಿಗೆ ಮಾತ್ರ ಇದೊಂದು ದೊಡ್ಡ ಉಪಕಾರ.

ಮೊದಲ ಎರಡು ಹಂತದ ತಪ್ಪುಗಳು

ಪಾರ್ಸ್ ಎರರ್ ಬಂದಾಗ ಸಂದೇಶ ತೋರಿಸುವ ಸಾಲಿನ ಜೊತೆಗೆ ಅದರ ಮೇಲಿನ ಸಾಲನ್ನೂ ನೋಡಬೇಕು. ಮುಚ್ಚದೆ ಬಿಟ್ಟ ಬ್ರಾಕೆಟ್ ಅಥವಾ ಸಾಲಿನ ಆರಂಭದಲ್ಲಿ ತಪ್ಪಿದ ಜಾಗ, ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಕಾರಣವಾಗಿರುತ್ತದೆ. ಹ್ಯಾಸ್ಕೆಲ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಟ್ಯಾಬ್ ಒಂದನ್ನು ಕಂಪೈಲರ್ 8 ಅಕ್ಷರಗಳ ಲೆಕ್ಕದಲ್ಲಿ ನೋಡುತ್ತದೆ. ಎಡಿಟರ್ 4 ಅಕ್ಷರಗಳಷ್ಟೇ ತೋರಿಸುತ್ತಿದ್ದರೆ ಕಣ್ಣಿಗೆ ನೇರವಾಗಿ ಕಂಡ ಸಾಲು ಕಂಪೈಲರ್‌ಗೆ ಓರೆಯಾಗಿರುತ್ತದೆ. ಟ್ಯಾಬ್ ಬಿಟ್ಟು ಸ್ಪೇಸ್ ಮಾತ್ರ ಬಳಸಿದರೆ ಈ ತಲೆನೋವು ಇಲ್ಲ.

ಹೆಸರು ಸಿಗಲಿಲ್ಲ ಎಂಬ ಎರರ್ ಬಂದರೆ ಅಕ್ಷರ ತಪ್ಪಿರಬಹುದು, ಇಲ್ಲವೇ ಅಗತ್ಯ ಮಾಡ್ಯೂಲ್ ಇಂಪೋರ್ಟ್ ಆಗಿರುವುದಿಲ್ಲ. ಹತ್ತಿರದ ಹೆಸರಿದ್ದರೆ ಕಂಪೈಲರೇ ಸೂಚಿಸುತ್ತದೆ.

ಒಂದೇ ತಪ್ಪು, ಎರಡು ಎರರ್: ಟೈಪ್ ಚೆಕರ್ ಯೋಚಿಸುವ ಬಗೆ

ಆರಂಭಿಕರು ಹೆಚ್ಚು ಎಡವುವುದು ಮೂರನೇ ಹಂತದಲ್ಲಿ. ಮೇಲಿನ ಬಾಡಿಗೆ ಫಂಕ್ಷನ್‌ಗೆ 5 ಎಂಬ ಸಂಖ್ಯೆಯ ಬದಲು, ಉದ್ಧರಣ ಚಿಹ್ನೆಯೊಳಗೆ '5' ಎಂಬ ಪಠ್ಯವನ್ನು ಕೊಟ್ಟರೆ ಏನಾಗುತ್ತದೆ?

ಫಂಕ್ಷನ್ ಮೇಲೆ 'ಇದು ಪೂರ್ಣಾಂಕ ಪಡೆದು ಪೂರ್ಣಾಂಕ ಕೊಡುತ್ತದೆ' ಎಂದು ಟೈಪ್ ಸಹಿ ಬರೆದಿದ್ದರೆ ಉತ್ತರ ನೇರ: ಇಲ್ಲಿ ಪೂರ್ಣಾಂಕ ನಿರೀಕ್ಷಿಸಿದ್ದೆ, ಸಿಕ್ಕಿದ್ದು ಪಠ್ಯ. ಸಹಿ ಬರೆಯದಿದ್ದರೆ ಕಂಪೈಲರ್ ತಾನೇ ಊಹಿಸುತ್ತದೆ. ಗುಣಾಕಾರ, ಸಂಕಲನ ಇರುವುದರಿಂದ 'ಯಾವ ಬಗೆಯ ಸಂಖ್ಯೆಯಾದರೂ ಸರಿ' ಎಂದು ತೀರ್ಮಾನಿಸುತ್ತದೆ. ಆಗ ಅದೇ ತಪ್ಪಿಗೆ ಬರುವ ದೂರು ಬೇರೆ: ಪಠ್ಯವನ್ನು ಸಂಖ್ಯೆಯಂತೆ ಬಳಸುವ ವಿಧಾನ ನನಗೆ ಗೊತ್ತಿಲ್ಲ. 'ನೋ ಇನ್‌ಸ್ಟೆನ್ಸ್' ಎಂಬ ಈ ಎರರ್ ಹೊಸಬರನ್ನು ಗಾಬರಿಗೊಳಿಸುತ್ತದೆ. ನಿಜವಾದ ಕಾರಣ ಮಾತ್ರ ಎರಡು ಉದ್ಧರಣ ಚಿಹ್ನೆ.

ಕಂಪೈಲರ್ ಊಹಿಸುವ ವಿಧಾನ ಶಾಲೆಯ ಬೀಜಗಣಿತದಂತೆಯೇ ಇದೆ. ಗೊತ್ತಿಲ್ಲದ ಪ್ರತಿ ಟೈಪ್‌ಗೂ ಒಂದು ಅಜ್ಞಾತ ಹೆಸರಿಟ್ಟು, ಕೋಡ್‌ನಲ್ಲಿ ಕಂಡ ಪ್ರತಿ ಬಳಕೆಯಿಂದ ಒಂದು ಸಮೀಕರಣ ಕಟ್ಟಿ, ಕೊನೆಗೆ ಎಲ್ಲವನ್ನೂ ಬಿಡಿಸುತ್ತದೆ. ಬ್ರಿಟನ್ನಿನ ರಾಬಿನ್ ಮಿಲ್ನರ್ 1978ರಲ್ಲಿ ಪ್ರಕಟಿಸಿದ ವಿಧಾನ ಇದರ ಬುನಾದಿ. ಮಿಲ್ನರ್‌ಗೆ 1991ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಎರಡು ಸಮೀಕರಣಗಳು ಒಂದಕ್ಕೊಂದು ವಿರುದ್ಧವಾದಾಗ ಕಂಪೈಲರ್‌ಗೆ ಅವು ಹೊಂದುವುದಿಲ್ಲ ಎಂಬುದು ಮಾತ್ರ ಖಚಿತ. ಎರಡರಲ್ಲಿ ತಪ್ಪು ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ 10ನೇ ಸಾಲಿನ ತಪ್ಪಿಗೆ 40ನೇ ಸಾಲಿನಲ್ಲಿ ಎರರ್ ತೋರಿಸುವುದುಂಟು. ಪ್ರತಿ ಫಂಕ್ಷನ್‌ಗೂ ಟೈಪ್ ಸಹಿ ಬರೆದರೆ ತಪ್ಪು ಬೇಲಿ ದಾಟಿ ಪಕ್ಕದ ಫಂಕ್ಷನ್‌ಗೆ ಹೋಗುವುದಿಲ್ಲ. ಅನುಭವಿಗಳು ಕೊಡುವ ಮೊದಲ ಸಲಹೆಯೂ ಇದೇ.

ಟೈಪ್ ಎರರ್ ಬಂದಾಗ ಹೀಗೆ ಮಾಡಿ

ಮೊದಲ ಎರರ್ ಮಾತ್ರ ಓದಿ: ಕೆಳಗಿನ ಹತ್ತು ಎರರ್‌ಗಳು ಅನೇಕ ಬಾರಿ ಮೊದಲನೆಯದರ ಪರಿಣಾಮ. ಅದನ್ನು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ.

ಎರರ್ ಸಂಖ್ಯೆ ಗಮನಿಸಿ: 2023ರ 9.6 ಆವೃತ್ತಿಯಿಂದ ಎರರ್‌ಗಳಿಗೆ ಸಂಖ್ಯೆ ಕೊಡಲಾಗುತ್ತಿದೆ. ಟೈಪ್ ಹೊಂದದಿದ್ದರೆ 83865, ಇನ್‌ಸ್ಟೆನ್ಸ್ ಇಲ್ಲದಿದ್ದರೆ 39999, ಹೆಸರು ಸಿಗದಿದ್ದರೆ 88464. 'ಹ್ಯಾಸ್ಕೆಲ್ ಎರರ್ ಇಂಡೆಕ್ಸ್' ತಾಣದಲ್ಲಿ ಈ ಸಂಖ್ಯೆ ಹುಡುಕಿದರೆ ವಿವರಣೆ ಸಿಗುತ್ತದೆ.

ಅಂಡರ್‌ಸ್ಕೋರ್ ಹಾಕಿ ಕೇಳಿ: ಏನು ಬರೆಯಬೇಕೆಂದು ತೋಚದ ಜಾಗದಲ್ಲಿ ಒಂದು ಅಂಡರ್‌ಸ್ಕೋರ್ ಇಟ್ಟರೆ ಸಾಕು. ಅಲ್ಲಿ ಯಾವ ಟೈಪ್ ಬೇಕು, ಕೈಯಲ್ಲಿರುವ ಯಾವ ಹೆಸರು ಅಲ್ಲಿ ಹೊಂದಬಹುದು ಎಂದು ಕಂಪೈಲರ್ ಪಟ್ಟಿ ಕೊಡುತ್ತದೆ. 'ಟೈಪ್ಡ್ ಹೋಲ್' ಎಂಬ ಈ ಸೌಲಭ್ಯ 2014ರ 7.8 ಆವೃತ್ತಿಯಿಂದ ಇದೆ.

ಎಚ್ಚರಿಕೆಗಳನ್ನು ಕಡೆಗಣಿಸಬೇಡಿ: 'ವಾಲ್' ಎಂಬ ಫ್ಲ್ಯಾಗ್ ಹಾಕಿದರೆ, ಎಲ್ಲ ಸಂದರ್ಭಗಳನ್ನೂ ನಿಭಾಯಿಸದ ಫಂಕ್ಷನ್‌ಗಳನ್ನು ಕಂಪೈಲರ್ ತೋರಿಸುತ್ತದೆ. ಖಾಲಿ ಪಟ್ಟಿ ಬಂದರೆ ಏನು ಮಾಡಬೇಕೆಂದು ಬರೆಯದೆ ಬಿಟ್ಟಿದ್ದರೆ, ಇಂದು ಕಂಡ ಎಚ್ಚರಿಕೆಯೇ ನಾಳೆ ಗ್ರಾಹಕರ ಎದುರು ಪ್ರೋಗ್ರಾಂ ನಿಲ್ಲಲು ಕಾರಣವಾಗುತ್ತದೆ.

ಎಲ್ಲ ಸೇರುವ ತಾಣ 'ಕೋರ್'

ಹ್ಯಾಸ್ಕೆಲ್ ಭಾಷೆ ಎಷ್ಟೇ ದೊಡ್ಡದಾಗಿರಲಿ, ಕೋರ್‌ನಲ್ಲಿ ಉಳಿಯುವುದು ಕೇವಲ 10 ಬಗೆಯ ರಚನೆಗಳು. ವೇರಿಯಬಲ್, ಸಂಖ್ಯೆಯಂಥ ನೇರ ಮೌಲ್ಯ, ಫಂಕ್ಷನ್ ಬರೆಯುವುದು, ಅದನ್ನು ಕರೆಯುವುದು, ಲೆಟ್, ಕೇಸ್ ಇವು ಮುಖ್ಯವಾದವು. 'ಯಾವ ಬಗೆಯ ಸಂಖ್ಯೆಯಾದರೂ ಸರಿ' ಎಂದಿದ್ದ ಬಾಡಿಗೆ ಫಂಕ್ಷನ್ ಇಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಗುಣಿಸುವುದು ಹೇಗೆ, ಕೂಡಿಸುವುದು ಹೇಗೆ ಎಂಬ ಮಾಹಿತಿಯ ಕೈಪಿಡಿಯೊಂದು ಹೆಚ್ಚುವರಿ ಆರ್ಗ್ಯುಮೆಂಟ್ ಆಗಿ ಅದರ ಕೈಸೇರಿರುತ್ತದೆ. ಇದರ ಹೆಸರು ಡಿಕ್ಷನರಿ. ಪ್ರತಿ ಬಾರಿ ಕೈಪಿಡಿ ತೆರೆದು ನೋಡುವುದರಿಂದ ಪ್ರೋಗ್ರಾಂ ನಿಧಾನವಾಗಬಹುದು. ಪೂರ್ಣಾಂಕವೇ ಎಂದು ಸಹಿ ಹಾಕಿದರೆ ಈ ಹೊರೆ ಇಲ್ಲ.

ಪ್ರೋಗ್ರಾಂ ಏಕೆ ನಿಧಾನ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ 'ಡಿಡಂಪ್ ಸಿಂಪ್ಲ್' ಫ್ಲ್ಯಾಗ್ ಬಳಸಿ, ತಿದ್ದುಪಡಿ ಮುಗಿದ ಕೋರ್ ರೂಪವನ್ನು ಪರದೆ ಮೇಲೆ ತರಿಸಿಕೊಳ್ಳಬಹುದು. ಬಿಸಿ ಲೂಪ್‌ಗಳ ಒಳಗೆ ಡಿಕ್ಷನರಿ ಓಡಾಡುತ್ತಿದೆಯೇ, ಅನಗತ್ಯ ಲೆಟ್‌ಗಳು ಉಳಿದಿವೆಯೇ ಎಂದು ನೋಡುವುದು ಅನುಭವಿಗಳ ಅಭ್ಯಾಸ.

'ನಾಳೆ ಬಾ' ಎನ್ನುವ ಭಾಷೆ: ಮೆಮೊರಿ ಏಕೆ ತುಂಬುತ್ತದೆ?

ಕಂಪೈಲ್ ಆಯಿತು, ಎರರ್ ಇಲ್ಲ. ಆದರೂ ಪ್ರೋಗ್ರಾಂ ಓಡುವಾಗ ಮೆಮೊರಿ ಏರುತ್ತಲೇ ಹೋಗುತ್ತದೆ. ಹ್ಯಾಸ್ಕೆಲ್‌ನಲ್ಲಿ ಇದು ಹಳೆಯ ಕಾಯಿಲೆ. ಕಾರಣ ಅದರ ಸೋಮಾರಿ ಸ್ವಭಾವ. ಉತ್ತರ ಯಾರಾದರೂ ಕೇಳುವವರೆಗೂ ಹ್ಯಾಸ್ಕೆಲ್ ಲೆಕ್ಕ ಮಾಡುವುದಿಲ್ಲ. ಮಾಡಬೇಕಾದ ಕೆಲಸವನ್ನು ಒಂದು ಚೀಟಿಯಂತೆ ಬರೆದಿಡುತ್ತದೆ. ಇದಕ್ಕೆ 'ಥಂಕ್' ಎಂದು ಹೆಸರು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ದಿನದ ಬಾಕಿಯನ್ನು ಅಲ್ಲಲ್ಲೇ ಕೂಡಿಸಿಟ್ಟರೆ ಒಂದೇ ಸಂಖ್ಯೆ ಉಳಿಯುತ್ತದೆ. ಕೂಡಿಸದೆ ಬರೆಯುತ್ತಲೇ ಹೋದರೆ ಪುಟಗಳು ತುಂಬುತ್ತವೆ. 1ರಿಂದ 10 ಲಕ್ಷದವರೆಗಿನ ಸಂಖ್ಯೆಗಳನ್ನು 'ಫೋಲ್ಡ್ ಎಲ್' ಎಂಬ ಫಂಕ್ಷನ್ ಬಳಸಿ ಕೂಡಿಸಿದರೆ, ಒಂದು ಮೊತ್ತದ ಬದಲು 10 ಲಕ್ಷ ಬಾಕಿ ಸಂಕಲನಗಳ ಸರಪಳಿ ಮೆಮೊರಿಯಲ್ಲಿ ಬೆಳೆಯಬಹುದು. ಆಪ್ಟಿಮೈಸೇಶನ್ ಇದ್ದಾಗ ಕಂಪೈಲರ್ ಉತ್ತರ ಹೇಗಿದ್ದರೂ ಬೇಕೇ ಬೇಕೆಂದು ಗುರುತಿಸಿ ಆಗಿಂದಾಗ್ಗೆ ಕೂಡಿಸುತ್ತದೆ. ಅದೇ ಕೋಡ್ ಜಿಎಚ್‌ಸಿಐನಲ್ಲಿ ಮೆಮೊರಿ ತಿಂದು, ಕಂಪೈಲ್ ಆದ ಮೇಲೆ ಚುರುಕಾಗಿ ಓಡುವುದಕ್ಕೆ ಇದೇ ಕಾರಣ.

ಪರಿಹಾರ ಸರಳ. 'ಫೋಲ್ಡ್ ಎಲ್ ಪ್ರೈಮ್' ಬಳಸಿದರೆ ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಮುಗಿಯುತ್ತದೆ. ಆದರೆ ಒಂದು ಎಚ್ಚರಿಕೆ: ಸರಾಸರಿ ತೆಗೆಯಲು ಮೊತ್ತ ಮತ್ತು ಎಣಿಕೆಯನ್ನು ಜೋಡಿಯಾಗಿ ಹಿಡಿದು ಸಾಗಿದರೆ, ಈ ಫಂಕ್ಷನ್ ಜೋಡಿಯ ಹೊರಕವಚವನ್ನಷ್ಟೇ ನೋಡುತ್ತದೆ. ಒಳಗಿನ ಎರಡೂ ಸಂಖ್ಯೆಗಳು ಬಾಕಿಯಾಗಿಯೇ ಉಳಿಯಬಹುದು. ಅಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ 'ಈಗಲೇ ಮಾಡು' ಎಂದು ಹೇಳಬೇಕು. ಸೋರಿಕೆ ಎಲ್ಲಿದೆ ಎಂದು ತಿಳಿಯದಿದ್ದರೆ ಪ್ರೊಫೈಲಿಂಗ್ ಸಹಿತ ಕಂಪೈಲ್ ಮಾಡಿ ಹೀಪ್ ಗ್ರಾಫ್ ತೆಗೆಯಬೇಕು. ಗುಡ್ಡದಂತೆ ಏರುತ್ತಲೇ ಹೋಗುವ ಬಣ್ಣದ ಪಟ್ಟಿ ಯಾವ ಫಂಕ್ಷನ್‌ನದ್ದೋ, ಹುಡುಕಾಟ ಅಲ್ಲಿಂದ ಶುರು.

'ಅಸಾಧ್ಯವಾದದ್ದು' ನಡೆದರೆ ಏನರ್ಥ?

ಅಪರೂಪಕ್ಕೊಮ್ಮೆ ಜಿಎಚ್‌ಸಿ 'ಪ್ಯಾನಿಕ್' ಎಂದು ಕೂಗಿ, ಅಸಾಧ್ಯವಾದದ್ದು ನಡೆದಿದೆ ಎಂದು ಹೇಳಿ ನಿಂತುಬಿಡುತ್ತದೆ. ಡೆವಲಪರ್‌ಗೆ ಬರುವ ಮೊದಲ ಅನುಮಾನ ತನ್ನ ಕೋಡ್ ಮೇಲೆಯೇ. ಆದರೆ ಈ ಸಂದೇಶ ಹೇಳುವುದು ಬೇರೆ: ಇದು ಕಂಪೈಲರ್‌ನದೇ ದೋಷ, ದಯವಿಟ್ಟು ವರದಿ ಮಾಡಿ.

ಆಗ ಮಾಡಬೇಕಾದದ್ದು ಇಷ್ಟು. ಹಳೆಯ ಬಿಲ್ಡ್ ಫೈಲ್‌ಗಳನ್ನು ಅಳಿಸಿ ಮತ್ತೊಮ್ಮೆ ಕಂಪೈಲ್ ಮಾಡುವುದು. ಆಪ್ಟಿಮೈಸೇಶನ್ ನಿಲ್ಲಿಸಿ ನೋಡುವುದು. ಆಗ ಸರಿಹೋದರೆ ದೋಷ ಐದನೇ ಹಂತದ ಸುತ್ತಮುತ್ತ ಇರುವ ಸಾಧ್ಯತೆ ಹೆಚ್ಚು. 'ವಿ' ಫ್ಲ್ಯಾಗ್ ಹಾಕಿ ಯಾವ ಹಂತದಲ್ಲಿ ನಿಂತಿತು ಎಂದು ಗುರುತಿಸುವುದು. ಬಳಿಕ 'ಕೋರ್ ಲಿಂಟ್' ಚಾಲೂ ಮಾಡುವುದು.

ಕೋರ್ ಲಿಂಟ್ ಇರುವುದು ಕಂಪೈಲರ್ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಳ್ಳಲು. ಕೋರ್ ಭಾಷೆಗೂ ಟೈಪ್‌ಗಳಿರುವುದರಿಂದ ಪ್ರತಿ ತಿದ್ದುಪಡಿಯ ನಂತರ ಟೈಪ್ ಸರಿಯಿದೆಯೇ ಎಂದು ಅದು ಮತ್ತೆ ನೋಡುತ್ತದೆ. ಯಾವ ತಿದ್ದುಪಡಿಯ ಬಳಿಕ ಲೆಕ್ಕ ತಪ್ಪಿತೋ ತಪ್ಪಿತಸ್ಥ ಅಲ್ಲೇ ಸಿಕ್ಕಿಬೀಳುತ್ತಾನೆ. ಕೊನೆಯದಾಗಿ, ದೋಷ ಕಾಣಿಸುವ ಕೋಡನ್ನು ಸಾಧ್ಯವಾದಷ್ಟು ಕಡಿಮೆ ಸಾಲುಗಳಿಗೆ ಇಳಿಸಿ, ಆವೃತ್ತಿ ಸಂಖ್ಯೆ ಸಹಿತ ಜಿಎಚ್‌ಸಿಯ ಗಿಟ್‌ಲ್ಯಾಬ್‌ನಲ್ಲಿ ದಾಖಲಿಸಬೇಕು.

ಕಂಪೈಲರ್ ಹಿಡಿಯದ ತಪ್ಪು

ಹ್ಯಾಸ್ಕೆಲ್‌ನಲ್ಲಿ ಕಂಪೈಲ್ ಆದರೆ ಕೆಲಸ ಮಾಡಿದಂತೆಯೇ ಎಂಬ ಮಾತು ಅದರ ಅಭಿಮಾನಿಗಳ ಬಾಯಲ್ಲಿದೆ. ಅದು ಪೂರ್ತಿ ನಿಜವಲ್ಲ. ಬಾಡಿಗೆ ಫಂಕ್ಷನ್‌ನಲ್ಲಿ 15ರ ಬದಲು ಕೈತಪ್ಪಿ 51 ಎಂದು ಬರೆದರೆ, ಏಳೂ ಹಂತಗಳು ಚಕಾರವೆತ್ತದೆ ಮುಗಿಯುತ್ತವೆ. ಎರಡೂ ಪೂರ್ಣಾಂಕವೇ ಆಗಿರುವಾಗ ಟೈಪ್ ಚೆಕರ್‌ಗೆ ದೂರಲು ಏನೂ ಇಲ್ಲ. ಪಠ್ಯಕ್ಕೂ ಸಂಖ್ಯೆಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು, ನ್ಯಾಯವಾದ ಬಾಡಿಗೆ ಎಷ್ಟೆಂದು ಗೊತ್ತಿಲ್ಲ. ಅದನ್ನು ಹಿಡಿಯಲು ಟೆಸ್ಟ್ ಬೇಕು, ಇನ್ನೊಬ್ಬರು ಕುಳಿತು ಕೋಡ್ ಓದಬೇಕು. ಇಲ್ಲದಿದ್ದರೆ ಅದು ಮೊದಲು ಕಾಣುವುದು ಆಟೋದಿಂದ ಇಳಿದ ಪ್ರಯಾಣಿಕರ ಬಿಲ್‌ನಲ್ಲಿ.