ವೈದ್ಯ ಸಾಹಿತ್ಯದ ಕಣಜದಲ್ಲಿ ಹುಡುಕಾಟ

1860ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಪದವಿಗಾಗಿ ಒಂದು ಪ್ರಬಂಧ ಬರೆಯಬೇಕಾಗಿತ್ತು. ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಎಂಬುದು ಅವನು ಆರಿಸಿಕೊಂಡ ವಿಷಯ. ಅಂಥ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿಗೆ ಏನೂ ಪ್ರಯೋಜನವಾಗಲಿಲ್ಲ ಎಂಬ ಲೆಕ್ಕ ಅವನಿಗೆ ಬೇಕಿತ್ತು. ಪುಸ್ತಕದಿಂದ ಪುಸ್ತಕಕ್ಕೆ, ಊರಿಂದ ಊರಿಗೆ ಅಲೆದ. ತನ್ನ ವಿಷಯದ ಬಗ್ಗೆ ಪ್ರಕಟವಾದುದರಲ್ಲಿ ಮುಖ್ಯ ಭಾಗವಾದರೂ ಒಂದೆಡೆ ಸಿಗುವ ಗ್ರಂಥಾಲಯ ಇಡೀ ದೇಶದಲ್ಲಿ ಒಂದೂ ಇಲ್ಲವೆಂಬುದು ಆಗ ಅವನಿಗೆ ತಿಳಿಯಿತು.

ಐದು ವರ್ಷಗಳ ನಂತರ, ಅಂತರ್ಯುದ್ಧ ಮುಗಿದಾಗ, ಸೇನಾ ವೈದ್ಯನಾಗಿದ್ದ ಬಿಲ್ಲಿಂಗ್ಸ್ ವಶಕ್ಕೆ ಸರ್ಜನ್ ಜನರಲ್ ಕಚೇರಿಯ ಪುಟ್ಟ ಗ್ರಂಥಾಲಯ ಬಂತು. ಅಲ್ಲಿದ್ದುದು ಎರಡು ಸಾವಿರ ಚಿಲ್ಲರೆ ಸಂಪುಟಗಳು. 1895ರಲ್ಲಿ ಅವರು ಆ ಹುದ್ದೆ ಬಿಡುವ ಹೊತ್ತಿಗೆ ಸಂಖ್ಯೆ ಒಂದು ಲಕ್ಷ ದಾಟಿತ್ತು. ಪುಸ್ತಕ ಕೂಡಿಹಾಕುವುದಷ್ಟೇ ಸಾಲದು, ಅವುಗಳೊಳಗೆ ಏನಿದೆ ಎಂಬುದೂ ತಿಳಿಯಬೇಕು ಎಂಬುದನ್ನು ಅವರು ವಿದ್ಯಾರ್ಥಿ ದೆಸೆಯಲ್ಲೇ ಕಲಿತಿದ್ದರು. 1879ರಲ್ಲಿ ರಾಬರ್ಟ್ ಫ್ಲೆಚರ್ ಜೊತೆಗೂಡಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದರು. ಜಗತ್ತಿನ ವೈದ್ಯಕೀಯ ನಿಯತಕಾಲಿಕಗಳಲ್ಲಿ ಬಂದ ಲೇಖನಗಳನ್ನು ವಿಷಯವಾರು ವಿಂಗಡಿಸಿ ಅಚ್ಚು ಹಾಕುವ ಕೆಲಸ ಅದು. ಚಂದಾದಾರರು ಸಾಲದೆ 1899ರಲ್ಲಿ ನಿಂತಿತು, 1903ರಲ್ಲಿ ಮತ್ತೆ ಚಿಗುರಿತು, 2004ರ ಕೊನೆಯವರೆಗೂ ಅಚ್ಚಾಗುತ್ತ ಬಂತು. ವೈದ್ಯ ಸಾಹಿತ್ಯವನ್ನು ಹುಡುಕುವ ಇಂದಿನ ಎಲ್ಲ ಸಾಧನಗಳ ಅಜ್ಜ ಎಂದು ಅದನ್ನು ಕರೆಯಬಹುದು.

ಬಿಲ್ಲಿಂಗ್ಸ್‌ಗೆ ಬೇಕಾಗಿದ್ದ ಲೆಕ್ಕ ಹೇಗಿರಬೇಕೆಂಬುದಕ್ಕೆ ಒಂದು ಹಳೆಯ ಮಾದರಿ ನಮ್ಮ ದೇಶದ ನಂಟಿನಿಂದಲೇ ಬಂದಿದೆ. ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಹಾಕಿದ ವಿಷಮಶೀತಜ್ವರದ ಲಸಿಕೆ ಕೆಲಸ ಮಾಡಿತೇ ಎಂಬ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್ ಮುಂದೆ ಇಡಲಾಯಿತು. ಬೇರೆ ಬೇರೆ ಪಡೆಗಳಿಂದ ಬಂದ ಅಂಕಿಅಂಶಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿ, ಆಮೇಲೆ ಸರಾಸರಿ ತೆಗೆದು, 1904ರಲ್ಲಿ ವರದಿ ಮಾಡಿದರು. ಗುಂಪಿನಿಂದ ಗುಂಪಿಗೆ ಫಲಿತಾಂಶ ಏಕೆ ಇಷ್ಟು ಏರುಪೇರಾಗಿದೆ ಎಂಬ ತಕರಾರನ್ನೂ ಎತ್ತಿದರು. ಅನೇಕ ಅಧ್ಯಯನಗಳ ಫಲಿತಾಂಶಗಳನ್ನು ಗಣಿತದ ಮೂಲಕ ಒಟ್ಟುಗೂಡಿಸುವ ಈ ವಿಧಾನಕ್ಕೆ 'ಮೆಟಾ ಅನಾಲಿಸಿಸ್' ಎಂಬ ಹೆಸರು ಸಿಕ್ಕಿದ್ದು 1976ರಲ್ಲಿ, ಜೀನ್ ಗ್ಲಾಸ್ ಎಂಬ ಶಿಕ್ಷಣ ಸಂಶೋಧಕರಿಂದ.

ಲೆಕ್ಕ ಕೂಡಿಸುವುದು ಸುಲಭ. ಕೂಡಿಸಬೇಕಾದುದೆಲ್ಲ ಕೈಗೆ ಬಂದಿದೆಯೇ ಎಂಬುದು ಕಷ್ಟದ ಪ್ರಶ್ನೆ. ಒಂದು ಪ್ರಶ್ನೆಯನ್ನು ಮೊದಲೇ ನಿಗದಿಪಡಿಸಿಕೊಂಡು, ಅದಕ್ಕೆ ಸಂಬಂಧಿಸಿದ ಎಲ್ಲ ಅಧ್ಯಯನಗಳನ್ನೂ ಹೇಗೆ ಹುಡುಕಿದೆವು, ಯಾವುದನ್ನು ಏಕೆ ಆರಿಸಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ತಿಳಿಸಿ ಮಾಡುವ ಪರಾಮರ್ಶೆಗೆ 'ಸಿಸ್ಟಮ್ಯಾಟಿಕ್ ರಿವ್ಯೂ' ಎನ್ನುತ್ತಾರೆ. ಕನ್ನಡದಲ್ಲಿ ಕ್ರಮಬದ್ಧ ಪರಾಮರ್ಶೆ ಎನ್ನೋಣ. ಹಿಂದೆ ಹಿರಿಯ ತಜ್ಞರು ತಮಗೆ ನೆನಪಿದ್ದ, ತಮ್ಮ ಮೇಜಿನ ಮೇಲಿದ್ದ ಪ್ರಬಂಧಗಳನ್ನು ಆಧರಿಸಿ ಬರೆದದ್ದೇ ಪರಾಮರ್ಶೆ ಎನಿಸಿಕೊಳ್ಳುತ್ತಿತ್ತು. 1985-86ರಲ್ಲಿ ನಾಲ್ಕು ಪ್ರಮುಖ ನಿಯತಕಾಲಿಕಗಳಲ್ಲಿ ಬಂದ ಇಂಥ 50 ಲೇಖನಗಳನ್ನು ಸಿಂಥಿಯಾ ಮಲ್ರೋ ಪರೀಕ್ಷಿಸಿದರು. ಮಾಹಿತಿಯನ್ನು ಹುಡುಕಿ ಆರಿಸಿದ ವಿಧಾನವನ್ನು ಸ್ಪಷ್ಟವಾಗಿ ಹೇಳಿದ್ದ ಲೇಖನ ಒಂದೇ ಒಂದು! ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ವಿಧಾನವನ್ನೇ ಬರೆಯದೆ ಫಲಿತಾಂಶ ಬರೆದ ವಿದ್ಯಾರ್ಥಿಗೆ ನಾವು ಎಷ್ಟು ಅಂಕ ಕೊಡುತ್ತೇವೆ?

ಇದು ಬರಿಯ ಶಿಸ್ತಿನ ಮಾತಲ್ಲ. ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಟ್ಟರೆ ಸಾವು ತಗ್ಗುತ್ತದೆಯೇ ಎಂದು ತಿಳಿಯಲು 1959ರಿಂದ 1988ರವರೆಗೆ 33 ಪ್ರಯೋಗಗಳು ನಡೆದವು. ಇವು ಯಾದೃಚ್ಛಿಕ ಪ್ರಯೋಗಗಳು, ಅಂದರೆ ಯಾವ ರೋಗಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದಂಥವು. 1992ರಲ್ಲಿ ಜೋಸೆಫ್ ಲಾವ್ ಮತ್ತು ಸಂಗಡಿಗರು ಇವನ್ನು ಕಾಲಾನುಕ್ರಮದಲ್ಲಿ ಒಂದರ ಮೇಲೊಂದು ಕೂಡಿಸುತ್ತ ಹೋದರು. ಎಂಟು ಪ್ರಯೋಗಗಳು, 2,432 ರೋಗಿಗಳು ಆದಾಗಲೇ, ಅಂದರೆ 1973ರಲ್ಲೇ ಉತ್ತರ ಸಿಕ್ಕಿತ್ತು: ಔಷಧ ಜೀವ ಉಳಿಸುತ್ತದೆ. ಆದರೂ ಮುಂದೆ 25 ಪ್ರಯೋಗಗಳಲ್ಲಿ 34,542 ರೋಗಿಗಳನ್ನು ಸೇರಿಸಿಕೊಳ್ಳಲಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಔಷಧ ಸಿಗದ ಗುಂಪಿನವರು. ಯಾರೂ ವಂಚನೆ ಮಾಡಲಿಲ್ಲ, ಯಾರೂ ಸೋಮಾರಿಗಳಾಗಿರಲಿಲ್ಲ. ಇದ್ದುದನ್ನು ಒಟ್ಟಿಗೆ ಇಟ್ಟು ನೋಡಿದವರು ಇರಲಿಲ್ಲ, ಅಷ್ಟೆ.

ಒಟ್ಟಿಗೆ ಇಡಬೇಕೆಂದು ಗಟ್ಟಿಯಾಗಿ ಹೇಳಿದವರು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್. ಪ್ರತಿಯೊಂದು ವಿಭಾಗದಲ್ಲೂ ನಡೆದ ಯಾದೃಚ್ಛಿಕ ಪ್ರಯೋಗಗಳ ಸಾರವನ್ನು ಕಾಲಕಾಲಕ್ಕೆ ಪರಿಷ್ಕರಿಸಿ ಒದಗಿಸದಿರುವುದು ವೈದ್ಯವೃತ್ತಿಗೆ ಕಳಂಕ ಎಂಬರ್ಥದ ಮಾತನ್ನು ಅವರು 1979ರಲ್ಲಿ ಬರೆದರು. ಆಕ್ಸ್‌ಫರ್ಡಿನಲ್ಲಿ ಇಯಾನ್ ಚಾಮರ್ಸ್ ತಂಡ ಆ ವೇಳೆಗಾಗಲೇ ಹೆರಿಗೆ ಮತ್ತು ನವಜಾತ ಶಿಶುಗಳ ಕುರಿತ ಪ್ರಯೋಗಗಳ ಬೆನ್ನು ಹತ್ತಿತ್ತು.

ಗಣಕಯಂತ್ರ ಬಂದಿರಲಿಲ್ಲವೇ? ಬಂದಿತ್ತು. ಬಿಲ್ಲಿಂಗ್ಸ್ ಕಟ್ಟಿದ ಗ್ರಂಥಾಲಯ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1960ರಲ್ಲಿ ಅದು 'ಮೆಶ್' ಎಂಬ ವಿಷಯಶೀರ್ಷಿಕೆಗಳ ಪಟ್ಟಿಯನ್ನು ಹೊರತಂದಿತು. ಒಬ್ಬ ಲೇಖಕ 'ಹೃದಯಾಘಾತ' ಎನ್ನಲಿ, ಇನ್ನೊಬ್ಬ 'ಹೃದಯಸ್ನಾಯುವಿನ ಇನ್‌ಫಾರ್ಕ್ಷನ್' ಎನ್ನಲಿ, ಸೂಚಿಕಾರರು ಎರಡನ್ನೂ ಒಂದೇ ಶೀರ್ಷಿಕೆಯಡಿ ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಮೆಶ್ ಎಂದರೆ ಬಲೆಯ ಹೆಣಿಗೆ, ಹೆಸರು ಒಪ್ಪುವಂಥದ್ದೇ. 1964ರಲ್ಲಿ 'ಮೆಡ್‌ಲಾರ್ಸ್' ಎಂಬ ಗಣಕ ವ್ಯವಸ್ಥೆ ಕೆಲಸಕ್ಕಿಳಿಯಿತು. ವೈದ್ಯರು ಪ್ರಶ್ನೆಯನ್ನು ಬರೆದು ಕಳಿಸಬೇಕು, ತರಬೇತಾದ ಸಿಬ್ಬಂದಿ ಅದನ್ನು ಮೆಶ್ ಪದಗಳಿಗೆ ಇಳಿಸಿ ಯಂತ್ರಕ್ಕೆ ಉಣಿಸಬೇಕು, ಉತ್ತರ ಕೆಲವು ವಾರಗಳ ನಂತರ ಅಂಚೆಯಲ್ಲಿ ಬರಬೇಕು. 1971ರಲ್ಲಿ ದೂರವಾಣಿ ತಂತಿಯ ಮೂಲಕ ನೇರವಾಗಿ ಹುಡುಕಬಹುದಾದ 'ಮೆಡ್‌ಲೈನ್' ಬಂತು. 1997ರಲ್ಲಿ ಅದು 'ಪಬ್‌ಮೆಡ್' ಎಂಬ ಹೆಸರಿನಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಯಿತು.

ಇಷ್ಟಿದ್ದರೂ ಪ್ರಯೋಗಗಳು ಸಿಗುತ್ತಿರಲಿಲ್ಲ. ಸೂಚಿಕಾರರು ರೋಗದ ಹೆಸರನ್ನೂ ಔಷಧದ ಹೆಸರನ್ನೂ ಗುರುತಿಸುತ್ತಿದ್ದರು. ಅಧ್ಯಯನ ನಡೆದ ವಿಧಾನವನ್ನು ಅಷ್ಟಾಗಿ ಗುರುತಿಸುತ್ತಿರಲಿಲ್ಲ. ಯಾದೃಚ್ಛಿಕ ಪ್ರಯೋಗ ಎಂಬ 'ಪ್ರಕಟಣೆಯ ಬಗೆ' ಮೆಡ್‌ಲೈನ್‌ನಲ್ಲಿ ಸೇರಿದ್ದೇ 1991ರಲ್ಲಿ. ಮೆಡ್‌ಲೈನ್ ಹುಡುಕಾಟವನ್ನು ಇತರ ದಾರಿಗಳಿಂದ ಪತ್ತೆಯಾದ ಪ್ರಯೋಗಗಳೊಂದಿಗೆ ಹೋಲಿಸಿದ ಅಧ್ಯಯನಗಳನ್ನು ಕೇ ಡಿಕರ್ಸಿನ್ ಮತ್ತು ಸಂಗಡಿಗರು 1994ರಲ್ಲಿ ಒಟ್ಟುಗೂಡಿಸಿದರು. ಗಣಕ ಹುಡುಕಾಟ ಹಿಡಿದು ತಂದದ್ದು ಸರಾಸರಿ 51% ಮಾತ್ರ. ಅಂದರೆ ಪುರಾವೆಯ ಅರ್ಧ ಭಾಗ ಬಲೆಗೆ ಬೀಳುತ್ತಿರಲಿಲ್ಲ. ಕೆಲವು ನಿಯತಕಾಲಿಕಗಳು ಮೆಡ್‌ಲೈನ್‌ನಲ್ಲಿ ಇರಲೇ ಇಲ್ಲ. ಇನ್ನು ಕೆಲವು ಪ್ರಬಂಧಗಳು ಅಲ್ಲಿದ್ದರೂ ಪ್ರಯೋಗವೆಂಬ ಗುರುತಿಲ್ಲದೆ ಮಲಗಿದ್ದವು.

ಉಳಿದ ಅರ್ಧಕ್ಕೆ ಇದ್ದ ಉಪಾಯ ಹಳೆಯದೇ: ಕೂತು ಪುಟ ತಿರುವುವುದು. ನಿಯತಕಾಲಿಕದ ಸಂಚಿಕೆಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಓದುಗರ ಪತ್ರಗಳನ್ನೂ ಬಿಡದೆ ನೋಡುವುದು. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾಕ್ರೇನ್ ಕೇಂದ್ರ, ಮರುವರ್ಷ ಅಂತರರಾಷ್ಟ್ರೀಯ ಕಾಕ್ರೇನ್ ಸಹಯೋಗ ಆರಂಭವಾದ ಮೇಲೆ ಹಲವು ದೇಶಗಳ ಸ್ವಯಂಸೇವಕರು ಈ ಕೆಲಸಕ್ಕೆ ಕೈಹಚ್ಚಿದರು. ಅವರು ಕಂಡುಹಿಡಿದ ಪ್ರಯೋಗಗಳಿಗೆ ಅಮೆರಿಕದ ಗ್ರಂಥಾಲಯ ಸರಿಯಾದ ಗುರುತನ್ನು ಹಿಂದಿನ ದಿನಾಂಕದಿಂದಲೇ ಅಂಟಿಸುತ್ತ ಹೋಯಿತು. ಇಂದು ನಾವು ಪಬ್‌ಮೆಡ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದಾಗ ಬರುವ ಹಳೆಯ ಪ್ರಯೋಗಗಳ ಪಟ್ಟಿಯ ಹಿಂದೆ ಈ ಅನಾಮಿಕರ ಕಣ್ಣುಗಳಿವೆ.

ಪ್ರಕಟವೇ ಆಗದ ಪ್ರಯೋಗಗಳ ಗತಿ? ಆಕ್ಸ್‌ಫರ್ಡ್ ತಂಡ 18 ದೇಶಗಳ 42,000 ಪ್ರಸೂತಿ ಮತ್ತು ಮಕ್ಕಳ ತಜ್ಞರಿಗೆ ಪತ್ರ ಬರೆದು ಕೇಳಿತು. ತಿಳಿದುಬಂದ ಅಪ್ರಕಟಿತ ಪ್ರಯೋಗಗಳು 395. ಅವುಗಳಲ್ಲಿ ಮುಗಿದು ಎರಡು ವರ್ಷಕ್ಕಿಂತ ಹೆಚ್ಚಾಗಿದ್ದವು 18 ಮಾತ್ರ. ಹಳೆಯವು ನೆನಪಿನಿಂದಲೂ ಕಳಚಿಹೋಗಿದ್ದವು. ಹೀಗಾಗಿಯೇ ಪ್ರಯೋಗ ಆರಂಭವಾಗುವ ಮುನ್ನವೇ ನೋಂದಾಯಿಸಬೇಕೆಂಬ ಒತ್ತಾಯ ಬೆಳೆಯಿತು. ಭಾರತದ ನೋಂದಣಿ ವ್ಯವಸ್ಥೆ 2007ರಲ್ಲಿ ಆರಂಭವಾಯಿತು.

2001ರ ಜೂನ್ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬಳು ಪ್ರಯೋಗವೊಂದರಲ್ಲಿ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಾಡಿ, ಶ್ವಾಸಕೋಶ ಕೆಟ್ಟು ಸಾವಿಗೀಡಾದಳು. ಸಂಶೋಧಕರು ಪಬ್‌ಮೆಡ್ ಹುಡುಕಿದ್ದರು. ಆದರೆ ಆಗ ಅದು 1966ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ಶ್ವಾಸಕೋಶಕ್ಕೆ ಈ ವಸ್ತುವಿನಿಂದಾಗುವ ಹಾನಿಯನ್ನು ವರದಿ ಮಾಡಿದ್ದ 1950ರ ದಶಕದ ಪ್ರಬಂಧಗಳು ಇಂಡೆಕ್ಸ್ ಮೆಡಿಕಸ್‌ನ ಧೂಳು ಹಿಡಿದ ಸಂಪುಟಗಳ ಮೂಲಕ ಸಿಗುವಂತಿದ್ದವು. ಅವನ್ನು ಕಪಾಟಿನಿಂದ ಇಳಿಸಿ ನೋಡಿದವರಿಲ್ಲ. ಹಳೆಯ ಸೂಚಿಗಳನ್ನು ಗಣಕಕ್ಕೆ ಏರಿಸಿದ ಮೇಲೆ ಮೆಡ್‌ಲೈನ್‌ನ ವ್ಯಾಪ್ತಿ ಈಗ 1946ರವರೆಗೆ ಹಿಂದೆ ಹೋಗುತ್ತದೆ.

ಇನ್ನೊಂದು ತಮಾಷೆಯ ತೊಡಕು ಎದುರಾಯಿತು. ಪ್ರಯೋಗಗಳ ರಾಶಿಯಿಂದ ಓದುಗನನ್ನು ಪಾರುಮಾಡಲೆಂದು ಹುಟ್ಟಿದ ಪರಾಮರ್ಶೆಗಳೇ ರಾಶಿಯಲ್ಲಿ ಕಳೆದುಹೋಗತೊಡಗಿದವು. 1993ರಲ್ಲಿ 'ಮೆಟಾ ಅನಾಲಿಸಿಸ್' ಎಂಬ ಗುರುತು ಬಂದರೂ, ಗಣಿತ ಮಾಡದ ಕ್ರಮಬದ್ಧ ಪರಾಮರ್ಶೆಗಳು ಅದರಡಿ ಬರುವುದಿಲ್ಲ. 'ರಿವ್ಯೂ' ಎಂದು ಹುಡುಕಿದರೆ ಹಳೆಯ ಶೈಲಿಯ ಲೇಖನಗಳೆಲ್ಲ ಜೊತೆಗೆ ಬರುತ್ತವೆ. ಬಲೆಯ ಕಣ್ಣು ಚಿಕ್ಕದಾದರೆ ಮೀನಿನ ಜೊತೆ ಕಸವೂ ಬರುತ್ತದೆ, ದೊಡ್ಡದಾದರೆ ಮೀನೂ ನುಸುಳುತ್ತದೆ. ಬೇಕಾದುದರಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದು ಸೂಕ್ಷ್ಮತೆ. ಸಿಕ್ಕಿದುದರಲ್ಲಿ ಎಷ್ಟು ಪಾಲು ಬೇಕಾದುದು ಎಂಬುದು ನಿಖರತೆ. ಒಂದನ್ನು ಏರಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ.

ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2000ದಲ್ಲಿ ಬಂದ 161 ನಿಯತಕಾಲಿಕಗಳನ್ನು ಕೈಯಾರೆ ಓದಿ, ನಿಜವಾದ ಕ್ರಮಬದ್ಧ ಪರಾಮರ್ಶೆಗಳು ಯಾವುವೆಂದು ಗುರುತಿಸಿಕೊಂಡು, ಅವನ್ನು ಹಿಡಿಯುವ ಪದಗಳು ಯಾವುವೆಂದು ಲೆಕ್ಕ ಹಾಕಿದರು. 2005ರಲ್ಲಿ ಪ್ರಕಟವಾದ ಅವರ ಸೂತ್ರಗಳಲ್ಲಿ ನನಗೆ ಬಹಳ ಇಷ್ಟವಾದ ಪದ 'ಮೆಡ್‌ಲೈನ್'. ತಾನು ಎಲ್ಲಿ ಹುಡುಕಿದೆ ಎಂದು ಸಾರಾಂಶದಲ್ಲೇ ಹೇಳಿಕೊಳ್ಳುವ ಲೇಖನ ಬಹುಪಾಲು ಕ್ರಮಬದ್ಧ ಪರಾಮರ್ಶೆಯೇ ಆಗಿರುತ್ತದೆ. ಮಲ್ರೋ ನೋಡಿದ ಐವತ್ತರಲ್ಲಿ ಕಾಣೆಯಾಗಿದ್ದ ಗುಣವೇ ಈಗ ಪತ್ತೆಯ ಗುರುತು! ಕೊನೆಗೆ 2019ರಲ್ಲಿ 'ಸಿಸ್ಟಮ್ಯಾಟಿಕ್ ರಿವ್ಯೂ' ಎಂಬುದಕ್ಕೆ ತನ್ನದೇ ಆದ ಪ್ರಕಟಣೆಯ ಬಗೆ ಲಭಿಸಿತು. ಹಿಂದಿನ ಪ್ರಬಂಧಗಳಿಗೂ ಅದನ್ನು ಅನ್ವಯಿಸಲಾಯಿತು.

ಕಾಕ್ರೇನ್ ಸಂಸ್ಥೆಯ ಲಾಂಛನವನ್ನು ಗಮನಿಸಿದ್ದೀರಾ? ಅದರಲ್ಲಿರುವ ಏಳು ಅಡ್ಡಗೆರೆಗಳು ಏಳು ಪ್ರಯೋಗಗಳು. ಅವಧಿಗೆ ಮುನ್ನ ಹೆರಿಗೆಯಾಗಲಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು. ನಂತರದ ಪ್ರಯೋಗಗಳಲ್ಲಿ ಹಲವು ಚಿಕ್ಕವು, ಬಿಡಿಬಿಡಿಯಾಗಿ ಅಸ್ಪಷ್ಟ. ಕ್ರಮಬದ್ಧ ಪರಾಮರ್ಶೆ ಪ್ರಕಟವಾದದ್ದು 1989ರಲ್ಲಿ. ಅದುವರೆಗೆ ಬಹಳಷ್ಟು ಪ್ರಸೂತಿ ತಜ್ಞರಿಗೆ ಈ ಚಿಕಿತ್ಸೆಯ ಬಲವೇ ತಿಳಿದಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಮುಂದಿನ ಅಧ್ಯಾಯದಲ್ಲಿ ಬೆಳಗಾವಿಯೂ ಇದೆ. ಆ ಹಳೆಯ ಪ್ರಯೋಗಗಳು ಹೆಚ್ಚಾಗಿ ಶ್ರೀಮಂತ ದೇಶಗಳ ಸುಸಜ್ಜಿತ ಆಸ್ಪತ್ರೆಗಳವು. ಬೆಳಗಾವಿ ಮತ್ತು ನಾಗಪುರ ಸೇರಿದಂತೆ ಆರು ದೇಶಗಳ ಸಮುದಾಯಗಳಲ್ಲಿ ಸ್ಟೀರಾಯ್ಡ್ ಬಳಕೆಯನ್ನು ಹೆಚ್ಚಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂದಾಗ ಎಲ್ಲರೂ ಬೆಚ್ಚಿದರು. ಸಾವಿರ ಜೀವಂತ ಜನನಗಳಿಗೆ ನವಜಾತ ಶಿಶುಮರಣ ಹೋಲಿಕೆಯ ಗುಂಪಿನಲ್ಲಿ 23.9, ಸ್ಟೀರಾಯ್ಡ್ ಹೆಚ್ಚಿಸಿದ ಕಡೆ 27.4. ಗರ್ಭದ ವಯಸ್ಸು ಖಚಿತವಿಲ್ಲದ ಕಡೆ, ಚುಚ್ಚುಮದ್ದು ಬೇಕಿಲ್ಲದ ಅನೇಕರಿಗೂ ಅದು ಹೋಗಿತ್ತು. ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಅಲ್ಟ್ರಾಸೌಂಡ್‌ನಿಂದ ಗರ್ಭದ ವಯಸ್ಸನ್ನು ಗೊತ್ತುಮಾಡಿಕೊಂಡು, 2,852 ತಾಯಂದಿರಲ್ಲಿ ಪರೀಕ್ಷಿಸಿತು. 2020ರ ವರದಿಯಂತೆ ಶಿಶುಮರಣ 23.5% ಇದ್ದದ್ದು 19.6%ಕ್ಕೆ ಇಳಿದಿತ್ತು.

ಈ ವಿಷಯದ ಕಾಕ್ರೇನ್ ಪರಾಮರ್ಶೆ 2006ರ ಆವೃತ್ತಿಯಲ್ಲಿ 21 ಪ್ರಯೋಗಗಳನ್ನು ಒಳಗೊಂಡಿತ್ತು. 2020ರ ಡಿಸೆಂಬರ್ ಆವೃತ್ತಿಯಲ್ಲಿ 27, ಅವುಗಳಲ್ಲಿ ಹತ್ತು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಎರಡೂ ಪಬ್‌ಮೆಡ್‌ನಲ್ಲಿವೆ, ಎರಡಕ್ಕೂ ಒಂದೇ ಗುರುತು. ಆದ್ದರಿಂದ ವಿದ್ಯಾರ್ಥಿಗಳಿಗೆ ಹುಡುಕಾಟ ಹೇಳಿಕೊಡುವ ಅಧ್ಯಾಪಕರು, ಪರಾಮರ್ಶೆ ಸಿಕ್ಕಿದ ಕೂಡಲೇ ಅದರ ವಿಧಾನದ ಭಾಗದಲ್ಲಿ ಕೊನೆಯ ಹುಡುಕಾಟ ನಡೆದ ದಿನಾಂಕವನ್ನು ಬೆರಳಿಟ್ಟು ತೋರಿಸಬೇಕು.