ಪೆಟ್ಟನ್ನು ಅಳೆದ ಕೋಲು

ಕಬ್ಬಿಣದ ತೊಲೆ ಎಷ್ಟು ಭಾರ ತಾಳೀತೆಂದು ತಿಳಿಯುವುದು ಕಷ್ಟವಲ್ಲ. ಮುರಿಯುವವರೆಗೆ ತೂಕ ಹೇರುತ್ತ ಹೋದರಾಯಿತು. ಪೆಟ್ಟಿನ ಮಾತೇ ಬೇರೆ. ಗುಂಡು ತಗುಲಿದಾಗ, ಸಿಡಿಮದ್ದು ಸಿಡಿದಾಗ ಲೋಹ ಪಡುವ ಪಾಡು ಎವೆ ಮುಚ್ಚುವುದರೊಳಗೆ ಮುಗಿದುಹೋಗುತ್ತದೆ. ಮಾಪಕದ ಮುಳ್ಳು ಕದಲುವ ಮುನ್ನವೇ ಮುಗಿಯುವುದನ್ನು ಅಳೆಯುವುದೆಂತು?

ಇಂಗ್ಲೆಂಡಿನ ಜಾನ್ ಹಾಪ್‌ಕಿನ್‌ಸನ್ 1872ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ತೂಗುಬಿಟ್ಟ ಕಬ್ಬಿಣದ ತಂತಿಯ ಕೆಳತುದಿಗೆ ತಡೆಯೊಂದನ್ನು ಬಿಗಿದು, ಅದರ ಮೇಲೆ ತೂಕವನ್ನು ಬೀಳಬಿಟ್ಟನು. ತಂತಿ ಹರಿಯುವುದು ತೂಕಕ್ಕಿಂತ ಅದು ಬಿದ್ದ ಎತ್ತರವನ್ನು, ಅಂದರೆ ವೇಗವನ್ನೇ, ಅವಲಂಬಿಸಿತ್ತು. ವಿಚಿತ್ರವೆಂದರೆ, ಪೆಟ್ಟು ಬಿದ್ದದ್ದು ಕೆಳಗೆ. ತಂತಿ ಮೇಲ್ತುದಿಯಲ್ಲಿಯೂ ಹರಿಯುತ್ತಿತ್ತು! ಪೆಟ್ಟು ಅಲೆಯಾಗಿ ಮೇಲೇರಿ, ಕಟ್ಟಿದೆಡೆಯಿಂದ ಹಿಮ್ಮರಳುವಾಗ ಅಲ್ಲಿ ಇಮ್ಮಡಿಯಾಗುತ್ತಿತ್ತು.

1898ರಲ್ಲಿ ಜಾನ್ ತನ್ನ ಮೂವರು ಮಕ್ಕಳೊಡನೆ ಆಲ್ಪ್ಸ್ ಪರ್ವತದಲ್ಲಿ ಬಿದ್ದು ಸತ್ತನು. ವಕೀಲಿಯ ಹಾದಿ ಹಿಡಿದಿದ್ದ ಹಿರಿಯ ಮಗ ಬರ್ಟ್ರಮ್ ಅದನ್ನು ಬಿಟ್ಟು ತಂದೆಯ ವೃತ್ತಿಗೆ ಬಂದನು. 1903ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾದನು. ತಂದೆಯ ತಂತಿಯ ಪ್ರಯೋಗವನ್ನು ಮತ್ತೆ ಮಾಡಿದ ಅವನಿಗೆ, ಕ್ಷಣಮಾತ್ರದ ಒತ್ತಡವಾದರೆ ಕಬ್ಬಿಣ ತನ್ನ ಎಂದಿನ ಮಿತಿಯನ್ನು ಮೀರಿಯೂ ತಾಳುತ್ತದೆಂದು ಕಂಡಿತು. ಆದರೆ ಅವನ ಹೆಸರನ್ನು ಉಳಿಸಿದ್ದು 1914ರಲ್ಲಿ ಪ್ರಕಟವಾದ ಉಕ್ಕಿನ ದಂಡ. ಅಡ್ಡಲಾಗಿ ತೂಗುಬಿಟ್ಟ ದಂಡದ ಕೊನೆಗೆ ಅದೇ ಉಕ್ಕಿನ ಗಿಡ್ಡ ತುಂಡೊಂದನ್ನು ಗ್ರೀಸು ಬಳಿದು ಸೇರಿಸಿದನು. ಇನ್ನೊಂದು ತುದಿಗೆ ಗುಂಡು ಬಡಿದರೆ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಓಡಿ, ಕೊನೆ ಮುಟ್ಟಿ, ಸೆಳೆತವಾಗಿ ಹಿಂದಿರುಗುತ್ತದೆ. ಗ್ರೀಸು ಒತ್ತಡವನ್ನು ದಾಟಿಸೀತು, ಸೆಳೆತವನ್ನು ತಾಳದು. ತುಂಡು ಚಿಮ್ಮಿ ಹಾರುತ್ತದೆ. ತುಂಡಿನ ಉದ್ದವನ್ನು ಬದಲಿಸುತ್ತ, ಅದು ಹೊತ್ತೊಯ್ದ ವೇಗವನ್ನು ಅಳೆಯುತ್ತ, ಒತ್ತಡವೆಷ್ಟು, ಎಷ್ಟು ಹೊತ್ತು ಇತ್ತು ಎಂಬುದನ್ನು ಲೆಕ್ಕ ಹಾಕಿದನು. ಕೋಲು ಪೆಟ್ಟು ಕೊಡುವುದನ್ನು ನಾವೆಲ್ಲ ಬಲ್ಲೆವು. ಇಲ್ಲಿ ಕೋಲೇ ಪೆಟ್ಟಿನ ಲೆಕ್ಕ ಒಪ್ಪಿಸಿತು. 1918ರಲ್ಲಿ ವಿಮಾನಾಪಘಾತದಲ್ಲಿ ಬರ್ಟ್ರಮನೂ ತೀರಿಕೊಂಡನು.

ಅವನ ದಂಡ ಅಳೆದದ್ದು ಪೆಟ್ಟನ್ನು. ಪೆಟ್ಟು ತಿಂದ ವಸ್ತುವನ್ನಲ್ಲ. 1949ರಲ್ಲಿ ಹರ್ಬರ್ಟ್ ಕಾಲ್‌ಸ್ಕಿ ದಂಡವನ್ನು ಎರಡಾಗಿಸಿ, ನಡುವೆ ತಾಮ್ರ, ಸೀಸ, ರಬ್ಬರು ಮೊದಲಾದವುಗಳ ತೆಳುಬಿಲ್ಲೆಯನ್ನಿಟ್ಟನು. ಮೊದಲ ದಂಡಕ್ಕೆ ಹಿಂದಿರುಗಿದ ಅಲೆ ಬಿಲ್ಲೆ ಎಷ್ಟು ಬೇಗ ಚಪ್ಪಟೆಯಾಯಿತೆಂಬುದನ್ನು ಹೇಳುತ್ತದೆ. ಎರಡನೆಯದಕ್ಕೆ ದಾಟಿದ ಅಲೆ ಅದು ತಾಳಿದ ಬಲವನ್ನು ಹೇಳುತ್ತದೆ. ಮಾಪನವನ್ನು ಕೆಡಿಸುತ್ತದೆಂದು ಭಯಪಡಬೇಕಾಗಿದ್ದ ಅಲೆಯನ್ನೇ ಅಳತೆಗೋಲಾಗಿಸಿದ ಈ ಜಾಣತನಕ್ಕೆ, ನನ್ನ ಎಣಿಕೆಯಲ್ಲಿ, ಸಾಟಿ ಕಡಿಮೆ.

ಇಂದು ಸಾಮಾನ್ಯವಾಗಿ ಸಿಡಿಮದ್ದಿನ ಬದಲು, ಅನಿಲದ ಒತ್ತಡದಿಂದ ಚಿಮ್ಮಿಸಿದ ಇನ್ನೊಂದು ದಂಡ ಪೆಟ್ಟು ಕೊಡುತ್ತದೆ. ಕಾಂಕ್ರೀಟಿನ ಪರೀಕ್ಷೆಗೆ ಮಾತ್ರ ಸಣ್ಣ ಬಿಲ್ಲೆ ಸಾಲದು. ಒಳಗಿನ ಜಲ್ಲಿ ಹಿಡಿಸುವಷ್ಟು ಬಿಲ್ಲೆಯೂ ದೊಡ್ಡದಿರಬೇಕು, ದಂಡವೂ ತೋರವಿರಬೇಕು.