ಧನ್ಯವಾದಕ್ಕೆ ಮಾರುತ್ತರ: ತೊಕ್ಕೊಟ್ಟಿನ ರೂಢಿ

ಒಬ್ಬರು ಉಪಕಾರ ನೆನೆದು ಕೃತಜ್ಞತೆ ಹೇಳಿದಾಗ, ಉಪಕಾರ ಮಾಡಿದವರು ಆಡುವ ಮಾತು ಅಥವಾ ತೋರುವ ಸನ್ನೆಯೇ ಧನ್ಯವಾದಕ್ಕೆ ಮಾರುತ್ತರ. 'ಪರವಾಗಿಲ್ಲ', 'ಇರಲಿ ಬಿಡಿ', 'ಅದಕ್ಕೇನಂತೆ', 'ಒಳ್ಳೆದಾಗ್ಲಿ' ಮುಂತಾಗಿ ಕನ್ನಡಿಗರು ದಿನಬೆಳಗಾದರೆ ಬಳಸುವ ಮಾತುಗಳು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಯಾವುದನ್ನು ಯಾರಿಗೆ ಹೇಳಬೇಕು ಎಂಬುದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಮನೆಯ ಹಿರಿಯರು ಹೇಳುವುದನ್ನು ಕೇಳಿ ಕೇಳಿ ಮಕ್ಕಳಿಗೆ ಬಾಯಿಗೆ ಬರುತ್ತದೆ. ಒಂದೇ ಬೀದಿಯಲ್ಲಿ ಐದಾರು ಭಾಷೆ ಓಡಾಡುವ ಕಡೆ ಈ ರೂಢಿಯನ್ನು ಗಮನಿಸಿದರೆ ಅದರ ಒಳಗಿನ ಕಟ್ಟು ಚೆನ್ನಾಗಿ ಕಾಣುತ್ತದೆ. ಮಂಗಳೂರಿನ ತೊಕ್ಕೊಟ್ಟು ಅಂಥದೊಂದು ಜಾಗ.

ಊರು ಮತ್ತು ನುಡಿಗಳು

ಮಂಗಳೂರಿನಿಂದ ದಕ್ಷಿಣಕ್ಕೆ ನೇತ್ರಾವತಿ ಸೇತುವೆ ದಾಟಿ ಬಂದರೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸಿಗುವ ಜಂಕ್ಷನ್ ತೊಕ್ಕೊಟ್ಟು. ಇಲ್ಲಿಂದ ಪಡುವಣಕ್ಕೆ ಹೊರಟರೆ ಉಳ್ಳಾಲದ ದರ್ಗಾ ಮತ್ತು ಕಡಲತೀರ. ಮೂಡಣಕ್ಕೆ ಹೊರಟರೆ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಅಲ್ಲಿಂದ ಮುಂದೆ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ. ಹೆದ್ದಾರಿಯಲ್ಲೇ ನೇರ ಹೋದರೆ ತಲಪಾಡಿ, ಗಡಿಯಾಚೆ ಮಂಜೇಶ್ವರ, ಕಾಸರಗೋಡು. ಹತ್ತಿರದ ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ಟಿಯನ್ನರ ಇಗರ್ಜಿ ಇದೆ.

ಹೀಗಾಗಿ ತೊಕ್ಕೊಟ್ಟಿನ ಪೇಟೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳಂ ಒಟ್ಟೊಟ್ಟಿಗೆ ಕೇಳಿಬರುತ್ತವೆ. ಉರ್ದು, ಹಿಂದಿ, ಇಂಗ್ಲಿಷುಗಳೂ ಇವೆ. ಒಬ್ಬರೇ ಅಂಗಡಿಯವರು ಒಬ್ಬ ಗಿರಾಕಿಗೆ ತುಳುವಿನಲ್ಲಿ ಕ್ರಯ ಹೇಳಿ, ಮುಂದಿನವರಿಗೆ ಬ್ಯಾರಿಯಲ್ಲಿ ಚಿಲ್ಲರೆ ಎಣಿಸಿ ಕೊಡುವುದು ಇಲ್ಲಿ ವಿಶೇಷವೇನಲ್ಲ.

ಕನ್ನಡದ ಮಾರುತ್ತರಗಳು

ಕನ್ನಡದಲ್ಲಿ ಬಳಕೆಯಲ್ಲಿರುವ ಮಾರುತ್ತರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಮಾಡಿದ ಉಪಕಾರವನ್ನು ಸಣ್ಣದು ಮಾಡಿ ತೋರಿಸುವುದು. 'ಪರವಾಗಿಲ್ಲ', 'ಇರಲಿ ಬಿಡಿ', 'ಅದೇನು ಮಹಾ' ಇವೆಲ್ಲ ಈ ಜಾತಿಯವು. ರಾಜ್ಯದ ಒಂದೊಂದು ಭಾಗದಲ್ಲಿ ಇದಕ್ಕೆ ಒಂದೊಂದು ದನಿ. ಮೈಸೂರು ಕಡೆ 'ಅಯ್ಯೋ, ಅದಕ್ಕೇನಂತೆ ಬಿಡಿ' ಎಂದರೆ, ಧಾರವಾಡದ ಕಡೆ 'ಇರ್ಲಿ ಬಿಡ್ರಿ' ಎನ್ನುತ್ತಾರೆ. ಉತ್ತರ ಕನ್ನಡದಲ್ಲಿ 'ಅಡ್ಡಿಲ್ಲ' ಎಂಬ ಒಂದೇ ಪದ ಸಾಕು. ದಕ್ಷಿಣ ಕನ್ನಡದಲ್ಲಿ ಇದೇ ಮಾತು 'ಎಂತ ಇಲ್ಲ ಮಾರಾಯ್ರೆ' ಎಂದಾಗುತ್ತದೆ. ಸಲಿಗೆ ಇದ್ದವರಲ್ಲಿ 'ಮಾರಾಯ', ಗೆಳತಿಯರಲ್ಲಿ 'ಮಾರಾಯ್ತಿ', ಗೌರವ ಬೇಕಾದಲ್ಲಿ 'ಮಾರಾಯ್ರೆ'. ತೊಕ್ಕೊಟ್ಟಿನ ಕನ್ನಡದಲ್ಲಿ ವಿನಯದ ಅರ್ಧ ಭಾರವನ್ನು ಈ ಸಂಬೋಧನೆಯೇ ಹೊರುತ್ತದೆ.

ಎರಡನೆಯದು, ಧನ್ಯವಾದವನ್ನೇ ಪ್ರೀತಿಯಿಂದ ತಳ್ಳಿಹಾಕುವುದು. 'ನಮ್ಮೊಳಗೆ ಥ್ಯಾಂಕ್ಸ್ ಗೀಂಕ್ಸ್ ಎಲ್ಲ ಎಂತಕ್ಕೆ?' ಎಂಬ ಮಾತು ಇದರ ಮಾದರಿ. ಊಟ ಗೀಟ, ಕೆಲಸ ಗಿಲಸ ಎಂಬಂತೆ ಧನ್ಯವಾದಕ್ಕೂ ಒಂದು ಬಾಲ ಕಟ್ಟಿದರೆ ಅದರ ಗಾಂಭೀರ್ಯ ಕಳಚಿ ಬೀಳುತ್ತದೆ. 'ನಿಮ್ಮ ಋಣ ಹೇಗೆ ತೀರಿಸುವುದೋ' ಎಂದು ಯಾರಾದರೂ ಗದ್ಗದರಾದರೆ 'ಋಣ ಗಿಣ ಎಲ್ಲ ಬೇಡ, ಒಮ್ಮೆ ಮನೆ ಕಡೆ ಬನ್ನಿ' ಎಂದು ಹೇಳುವುದೂ ಇದೇ ಬಗೆ.

ಮೂರನೆಯದು, ಉಪಕಾರವನ್ನು ಕರ್ತವ್ಯದ ಲೆಕ್ಕಕ್ಕೆ ಹಾಕುವುದು. 'ಅಷ್ಟೂ ಮಾಡದಿದ್ರೆ ಹೇಗೆ?', 'ನಮ್ಮ ಕೆಲಸ ಅಲ್ವಾ', 'ನಾಳೆ ನಮಗೂ ಬೇಕಾಗ್ತದಲ್ಲ' ಎಂಬ ಮಾತುಗಳು ನೆರೆಹೊರೆಯಲ್ಲಿ, ಕಚೇರಿಯಲ್ಲಿ ಹೆಚ್ಚು. ಕೊನೆಯ ಮಾತಂತೂ ಬಹಳ ಜಾಣತನದ್ದು. ಇಂದು ಕೊಟ್ಟವರು ತಮ್ಮನ್ನು ನಾಳೆ ಕೇಳುವವರ ಸಾಲಿನಲ್ಲಿ ನಿಲ್ಲಿಸಿಕೊಂಡಾಗ ಪಡೆದವರಿಗೆ ಹಂಗಿನ ಮುಜುಗರ ಉಳಿಯುವುದಿಲ್ಲ.

ನಾಲ್ಕನೆಯದು, ಹರಕೆ. ವಯಸ್ಸಾದವರು ಕಿರಿಯರ ಧನ್ಯವಾದಕ್ಕೆ 'ಪರವಾಗಿಲ್ಲ' ಎನ್ನುವುದಕ್ಕಿಂತ 'ಒಳ್ಳೆದಾಗ್ಲಿ', 'ಚೆನ್ನಾಗಿರು' ಎಂದು ಹರಸುವುದೇ ಹೆಚ್ಚು. ಇದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವ ಮಾತು. ಇಪ್ಪತ್ತರ ಹುಡುಗ ಎಪ್ಪತ್ತರ ಅಜ್ಜನಿಗೆ 'ಒಳ್ಳೆದಾಗ್ಲಿ' ಎಂದರೆ ಕೇಳಿದವರು ನಕ್ಕಾರು.

ಇಂಗ್ಲಿಷಿನ 'ಯು ಆರ್ ವೆಲ್ಕಮ್' ಎಂಬುದನ್ನು ಯಂತ್ರಗಳು 'ನಿಮಗೆ ಸ್ವಾಗತ' ಎಂದು ಕನ್ನಡಿಸುವುದುಂಟು. ಧನ್ಯವಾದಕ್ಕೆ ಉತ್ತರವಾಗಿ ಈ ಮಾತು ಕನ್ನಡದ ರೂಢಿಯಲ್ಲಿ ಇಲ್ಲ.

ತುಳು, ಕೊಂಕಣಿ, ಬ್ಯಾರಿ ರೂಢಿಗಳು

ತುಳುವಿನಲ್ಲಿ ಸಭೆ, ಕರೆಯೋಲೆ, ಅಭಿನಂದನೆಯ ಫಲಕಗಳಲ್ಲಿ 'ಸೊಲ್ಮೆಲು' ಎಂಬ ಪದ ಧಾರಾಳವಾಗಿ ಕಾಣುತ್ತದೆ. 'ಉಡಲ್ ದಿಂಜಿ ಸೊಲ್ಮೆಲು' ಎಂದರೆ ಮನಸ್ಸು ತುಂಬಿದ ವಂದನೆ. ಆದರೆ ಬೂತಾಯಿ ಮೀನು ಕೊಳ್ಳುವಾಗಲೋ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಾಗಲೋ ಈ ಪದ ಕೇಳುವುದು ಅಪರೂಪ. ಅಲ್ಲಿ ಕೃತಜ್ಞತೆ ಬೇರೆ ಮಾತಿನಲ್ಲಿ ಅಡಗಿರುತ್ತದೆ. ಕೆಲಸ ಮುಗಿಸಿ ಎದ್ದವರು 'ಬರ್ಪೆ ಅಣ್ಣ' (ಬರುತ್ತೇನೆ ಅಣ್ಣ) ಎಂದರೆ ಅದರಲ್ಲೇ ವಂದನೆಯೂ ಸೇರಿತು. 'ಪೋದು ಬಲೆ' (ಹೋಗಿ ಬನ್ನಿ) ಎಂಬುದು ಅದಕ್ಕೆ ಮಾರುತ್ತರ. ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದವರಿಗೆ 'ದಾಲ ಇಜ್ಜಿ' (ಏನೂ ಇಲ್ಲ) ಎಂಬ ಉತ್ತರ ಸಿಗುತ್ತದೆ. ಹಿರಿಯರಾದರೆ 'ಎಡ್ಡೆ ಆವಡ್' (ಒಳ್ಳೆಯದಾಗಲಿ) ಎಂದು ಹರಸುತ್ತಾರೆ.

ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲಿ ಕೃತಜ್ಞತೆಯೇ ಒಂದು ಹರಕೆ. 'ದೇವ್ ಬರೆಂ ಕರುಂ' ಎಂದರೆ ದೇವರು ಒಳಿತು ಮಾಡಲಿ ಎಂದರ್ಥ. ಇಲ್ಲಿ ಧನ್ಯವಾದ ಹೇಳುವವರು ತಾವು ಹೊತ್ತ ಉಪಕಾರದ ಲೆಕ್ಕವನ್ನು ದೇವರಿಗೆ ಒಪ್ಪಿಸಿಬಿಡುತ್ತಾರೆ. ಆದ್ದರಿಂದ ಕೇಳಿದವರು ಅದನ್ನು ನಿರಾಕರಿಸುವುದು ಚೆನ್ನಾಗಿರುವುದಿಲ್ಲ, ಹರಕೆಯನ್ನು ಬೇಡ ಎನ್ನುವವರುಂಟೇ? ಅದೇ ಹಾರೈಕೆಯನ್ನು ಹೇಳಿದವರಿಗೆ ಮರಳಿಸುವುದು ಒಪ್ಪುವ ರೀತಿ.

ಬ್ಯಾರಿಗಳಲ್ಲೂ ಇತರ ಮುಸ್ಲಿಮರಲ್ಲೂ ಇದೇ ಬಗೆಯ ಜೋಡಿ ಮಾತುಗಳಿವೆ. ಅರಬಿಯ 'ಜಝಾಕಲ್ಲಾಹು ಖೈರನ್' ಎಂದರೆ ಅಲ್ಲಾಹನು ನಿಮಗೆ ಒಳ್ಳೆಯ ಪ್ರತಿಫಲ ಕೊಡಲಿ ಎಂದರ್ಥ. ಅದಕ್ಕೆ 'ವ ಇಯ್ಯಾಕುಂ' (ನಿಮಗೂ ಕೂಡ) ಎಂದು ಉತ್ತರಿಸುತ್ತಾರೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರ ಬಾಯಲ್ಲಿ 'ಶುಕ್ರನ್' ಮತ್ತು ಅದಕ್ಕೆ ಉತ್ತರವಾಗಿ 'ಅಫ್ವನ್' ಕೂಡ ಇವೆ. ಇವೆಲ್ಲ ತಮ್ಮವರ ನಡುವಿನ ಮಾತುಗಳು. ಗಿರಾಕಿ ಬೇರೆ ಸಮುದಾಯದವರಾದರೆ ಅದೇ ಬ್ಯಾರಿ ಅಂಗಡಿಯವರು ತುಳುವಿಗೋ ಕನ್ನಡಕ್ಕೋ ಹೊರಳುತ್ತಾರೆ. ಗಡಿಯಾಚೆಯಿಂದ ಬಂದ ವಿದ್ಯಾರ್ಥಿಗಳ ಮಲಯಾಳದಲ್ಲಿ 'ಸಾರಮಿಲ್ಲ' ಎಂಬುದು ಹೆಚ್ಚುಕಡಿಮೆ ನಮ್ಮ 'ಪರವಾಗಿಲ್ಲ'ದ ಕೆಲಸ ಮಾಡುತ್ತದೆ.

ಮಾತಿಲ್ಲದ ಉತ್ತರ

ಕರಾವಳಿಯ ಎಷ್ಟೋ ವ್ಯವಹಾರಗಳಲ್ಲಿ ಧನ್ಯವಾದವೂ ಇಲ್ಲ, ಮಾರುತ್ತರವೂ ಇಲ್ಲ. ಮೀನು ಮಾರುವ ಅಕ್ಕ ತಕ್ಕಡಿ ಇಳಿಸಿದ ಮೇಲೆ ಎರಡು ಬಂಗುಡೆಯನ್ನು ಕೊಸರು ಎಂದು ಚೀಲಕ್ಕೆ ಹಾಕುತ್ತಾರೆ. ಗಿರಾಕಿ 'ಥ್ಯಾಂಕ್ಸ್' ಎಂದರೆ ಇಬ್ಬರಿಗೂ ಕಸಿವಿಸಿ. ನಾಳೆಯೂ ಅವರಲ್ಲಿಗೇ ಬರುವುದು ಇದಕ್ಕೆ ಸಲ್ಲುವ ಕೃತಜ್ಞತೆ. ಖಾಸಗಿ ಬಸ್ಸಿನ ಕಂಡಕ್ಟರ್ ಮುದುಕಿಯ ಬುಟ್ಟಿಯನ್ನು ಇಳಿಸಿ ಕೊಟ್ಟು, ಅವರು ಏನಾದರೂ ಹೇಳುವ ಮೊದಲೇ 'ರೈಟ್' ಎಂದು ಸೀಟಿ ಊದಿರುತ್ತಾನೆ. ತಲೆಯನ್ನು ಒಂದು ಕಡೆ ವಾಲಿಸುವುದು, ಬಲಗೈ ಎತ್ತಿ ಅಂಗೈ ತೋರಿಸುವುದು, ಮುಸ್ಲಿಮರಲ್ಲಿ ಬಲಗೈಯನ್ನು ಎದೆಗೆ ಮುಟ್ಟಿಸಿಕೊಳ್ಳುವುದು ಇವೆಲ್ಲ ಮಾರುತ್ತರದ ಸನ್ನೆಗಳು.

ಹಬ್ಬದ ತಿಂಡಿಯ ವಿನಿಮಯದಲ್ಲಿ ಪಾತ್ರೆಯೇ ಮಾತನಾಡುತ್ತದೆ. ಕ್ರಿಸ್ಮಸ್ಸಿಗೆ ಕ್ರೈಸ್ತರ ಮನೆಯಿಂದ ಕುಸ್ವಾರ್ ತಟ್ಟೆ, ಈದ್‌ಗೆ ಬ್ಯಾರಿ ಮನೆಯಿಂದ ಬಿರಿಯಾನಿ ಡಬ್ಬಿ ಬಂದರೆ ಅದನ್ನು ತೊಳೆದು ಬರಿದೇ ಹಿಂತಿರುಗಿಸುವುದು ಸಲ್ಲದು. ಒಂದು ಹಿಡಿ ಸಕ್ಕರೆ, ಹಿತ್ತಲಿನ ನಾಲ್ಕು ಹಣ್ಣು, ಏನಾದರೊಂದು ಹಾಕಿ ಕೊಡಬೇಕು.

ಊಟದ ಮನೆಯ ಮಾರುತ್ತರ ಇನ್ನೂ ಸೊಗಸು. ಕೈ ತೊಳೆದ ಅತಿಥಿ 'ಊಟ ಭಾರೀ ಲಾಯಕ್ಕಾಗಿತ್ತು ಅಕ್ಕ' ಎಂದರೆ, ಮನೆಯಾಕೆ 'ಎಂತ ಊಟ, ನೀವು ಸರಿ ಊಟವೇ ಮಾಡ್ಲಿಲ್ಲ' ಎಂದು ಆಕ್ಷೇಪಿಸುತ್ತಾರೆ. ಮೆಚ್ಚುಗೆಗೆ ಆಕ್ಷೇಪವೇ ಉತ್ತರ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಆಸ್ಪತ್ರೆ, ಸಭೆ, ಮೊಬೈಲು

ಉಪಕಾರ ದೊಡ್ಡದಾದಾಗ 'ಪರವಾಗಿಲ್ಲ' ಸಾಲುವುದಿಲ್ಲ. ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ರಕ್ತ ಕೊಟ್ಟವರ ಕೈಹಿಡಿದು ರೋಗಿಯ ಕಡೆಯವರು ಕಣ್ಣು ತುಂಬಿಕೊಂಡಾಗ, ಕೊಟ್ಟವರು ತಮ್ಮ ಉಪಕಾರದ ಮಾತನ್ನು ಬಿಟ್ಟು ರೋಗಿಯ ಕಡೆಗೆ ತಿರುಗುತ್ತಾರೆ: 'ಈಗ ಹೇಗಿದ್ದಾರೆ? ಬೇಗ ಗುಣ ಆಗ್ಲಿ.' ವೈದ್ಯರೂ ದಾದಿಯರೂ 'ಎಲ್ಲ ದೇವರ ದಯೆ' ಎಂದು ಹೇಳುವುದುಂಟು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಒಪ್ಪುವ ಮಾತು ಇದು.

ಸಭೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಕನ್ನಡದ ಯಾವ ಕಾರ್ಯಕ್ರಮವೂ ವಂದನಾರ್ಪಣೆ ಇಲ್ಲದೆ ಮುಗಿಯದು. ಮರುದಿನದ ಪತ್ರಿಕಾ ವರದಿ ಕೂಡ ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು ಎಂಬ ಸಾಲಿನಿಂದಲೇ ಕೊನೆಗೊಳ್ಳುತ್ತದೆ. ಅಧ್ಯಕ್ಷರಿಂದ ಹಿಡಿದು ಶಾಮಿಯಾನ, ಧ್ವನಿವರ್ಧಕದವರ ವರೆಗೆ ಎಲ್ಲರ ಹೆಸರೂ ಓದಲಾಗುತ್ತದೆ. ಹೆಸರು ಬಂದಾಗ ವೇದಿಕೆಯ ಮೇಲಿನವರು ಕೂತಲ್ಲಿಂದಲೇ ಕೈಮುಗಿಯುತ್ತಾರೆ. ಮಾತಿನ ಮಾರುತ್ತರಕ್ಕೆ ಇಲ್ಲಿ ಜಾಗವಿಲ್ಲ.

ವಾಟ್ಸಾಪಿನಲ್ಲಿ ಕೈಮುಗಿದ ಎಮೋಜಿ ಧನ್ಯವಾದಕ್ಕೂ ಸಲ್ಲುತ್ತದೆ, ಅದರ ಉತ್ತರಕ್ಕೂ ಸಲ್ಲುತ್ತದೆ. ಇದು ಯುನಿಕೋಡಿಗೆ ಸೇರಿದ್ದು 2010ರಲ್ಲಿ. ಇಬ್ಬರು ಒಬ್ಬರಿಗೊಬ್ಬರು ಅದನ್ನೇ ಕಳುಹಿಸಿ ಮಾತು ಮುಗಿಸುವುದು ಈಗ ಎಲ್ಲ ಭಾಷೆಯವರಿಗೂ ಸಾಮಾನ್ಯ.

ವಿದ್ವಾಂಸರು ಕಂಡದ್ದು

ದಕ್ಷಿಣ ಏಷ್ಯಾದ ಭಾಷೆಗಳಲ್ಲಿ ಧನ್ಯವಾದ ಹೇಳುವ ರೀತಿಯ ಬಗ್ಗೆ ಮಹಾದೇವ ಆಪ್ಟೆ 1974ರಲ್ಲಿ ಬರೆದರು. ಮನೆಯವರ ನಡುವೆ ಮತ್ತು ಅಂಗಡಿಯ ಕೊಡುಕೊಳ್ಳುವಿಕೆಯಲ್ಲಿ ಬಾಯಿಮಾತಿನ ಧನ್ಯವಾದ ಸಲ್ಲದು ಎಂಬುದು ಅವರು ಗುರುತಿಸಿದ ಅಂಶ. ಫ್ಲೋರಿಯನ್ ಕುಲ್ಮಾಸ್ 1981ರ ಪ್ರಬಂಧದಲ್ಲಿ ಧನ್ಯವಾದ ಮತ್ತು ಕ್ಷಮೆಯಾಚನೆ ಎರಡಕ್ಕೂ ನಂಟಿದೆ, ಎರಡರಲ್ಲೂ ಒಬ್ಬರು ತಮ್ಮನ್ನು ಋಣಿ ಎಂದು ತೋರಿಸಿಕೊಳ್ಳಬಹುದು ಎಂದರು. ಕಾಲು ತುಳಿದು 'ಸಾರಿ' ಎಂದವರಿಗೂ, ಕೊಡೆ ಹಿಡಿಸಿಕೊಂಡು 'ಥ್ಯಾಂಕ್ಸ್' ಎಂದವರಿಗೂ ಕನ್ನಡಿಗರು ಅದೇ 'ಪರವಾಗಿಲ್ಲ' ಹೇಳುವುದಕ್ಕೆ ಇದು ಒಳ್ಳೆಯ ವಿವರಣೆ. ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ತಮಿಳೂ ಸೇರಿದಂತೆ ಮೂರು ಭಾಷೆಗಳನ್ನು ಆಧರಿಸಿ ಬರೆದ ಸೌಜನ್ಯದ ಸಿದ್ಧಾಂತದಲ್ಲಿ, ಇನ್ನೊಬ್ಬರ ಧನ್ಯವಾದವನ್ನು ಸ್ವೀಕರಿಸುವುದೂ ಒಂದು ಇಕ್ಕಟ್ಟು ಎಂದು ಗುರುತಿಸಿದ್ದಾರೆ. ಎದುರಿನವರ ಹಂಗನ್ನು ಕಡಿಮೆ ಮಾಡಿ ತೋರಿಸಬೇಕಾದ ಒತ್ತಡ ಸ್ವೀಕರಿಸುವವರ ಮೇಲೆ ಬೀಳುತ್ತದೆ.

2018ರಲ್ಲಿ ಸಿಮಿಯನ್ ಫ್ಲಾಯ್ಡ್ ಮತ್ತು ಸಂಗಡಿಗರು ಎಂಟು ಭಾಷೆಗಳ ದಿನನಿತ್ಯದ ಮಾತುಕತೆಯ ವಿಡಿಯೊ ದಾಖಲೆಗಳನ್ನು ಪರಿಶೀಲಿಸಿದರು. ಕೇಳಿದ ಸಣ್ಣಪುಟ್ಟ ಸಹಾಯ ದೊರೆತಾಗ ಬಾಯಿಬಿಟ್ಟು ಕೃತಜ್ಞತೆ ಹೇಳಿದ ಪ್ರಸಂಗಗಳು ಸುಮಾರು ಶೇ 5.5 ಮಾತ್ರ. ಮಿಕ್ಕ ಕಡೆ ಜನ ಸುಮ್ಮನೆ ಮುಂದಿನ ಕೆಲಸಕ್ಕೆ ಹೋಗಿದ್ದರು. ಆ ಎಂಟರಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. 'ನಮ್ಮವರಿಗೆ ಥ್ಯಾಂಕ್ಸ್ ಹೇಳುವ ಅಭ್ಯಾಸವೇ ಇಲ್ಲ' ಎಂದು ಬೇಸರಪಡುವವರು ಈ ಅಂಕಿಯನ್ನು ಗಮನಿಸಬೇಕು.

ಬಳಕೆಯಲ್ಲಿ ನೆನಪಿಡಬೇಕಾದ್ದು

ಹಿರಿಯರಿಗೆ, ಅಪರಿಚಿತರಿಗೆ ಬರೇ 'ಪರವಾಗಿಲ್ಲ' ಎಂದರೆ ಒಣದಾಗಿ ಕೇಳೀತು. 'ಪರವಾಗಿಲ್ಲ ಅಣ್ಣ', 'ಇರಲಿ ಅಮ್ಮ', 'ಎಂತ ಇಲ್ಲ ಮಾಸ್ಟ್ರೆ' ಎಂದು ಒಂದು ಸಂಬೋಧನೆ ಸೇರಿದರೆ ಮಾತು ಪೂರ್ಣ. 'ಥ್ಯಾಂಕ್ಸ್ ಗೀಂಕ್ಸ್ ಬೇಡ' ಎಂಬ ಸಲಿಗೆಯ ಮಾತನ್ನು ಗುರುತಿಲ್ಲದವರಲ್ಲಿ ಆಡಿದರೆ ಅವರ ಕೃತಜ್ಞತೆಯನ್ನು ಲೇವಡಿ ಮಾಡಿದಂತಾಗುತ್ತದೆ. 'ಇಟ್ಸ್ ಓಕೆ' ಓರಗೆಯವರಲ್ಲಿ ನಡೆಯುತ್ತದೆ, ಅಜ್ಜಿಯ ಮುಂದೆ ನಡೆಯುವುದಿಲ್ಲ. ಉಪಕಾರವನ್ನು ಅತಿಯಾಗಿ ಅಲ್ಲಗಳೆಯುವುದೂ ಹಿತವಲ್ಲ, ನಾಲ್ಕು ಸಲ 'ಛೆ ಛೆ' ಎಂದರೆ ಹೇಳಿದವರಿಗೆ ಯಾಕಾದರೂ ಹೇಳಿದೆನೋ ಎನಿಸುತ್ತದೆ. ಓದಲೆಂದೋ ಚಿಕಿತ್ಸೆಗೆಂದೋ ತೊಕ್ಕೊಟ್ಟಿಗೆ ಹೊಸದಾಗಿ ಬಂದವರು ಇಷ್ಟು ಭಾಷೆಗಳ ನಡುವೆ ಏನು ಹೇಳುವುದೆಂದು ತಬ್ಬಿಬ್ಬಾಗಬೇಕಿಲ್ಲ. ಬಹುವಚನದ ಮರ್ಯಾದೆಯೊಂದಿಗೆ ಒಂದು 'ಪರವಾಗಿಲ್ಲ' ಹೇಳಿದರೆ ಇಲ್ಲಿನ ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ.